ಅಂಗಳ ದೊಡ್ಡದಿದ್ದರೆ ಸಾಲದು: ಕರಾವಳಿಯ ಮನೆನಾಯಿಯ ದಿನದ ವ್ಯಾಯಾಮ

ಉಡುಪಿಯಲ್ಲಿ ನಾಯಿ ಸಾಕುವ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ನಾಯಿ ಸಾಕಿದವರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತೊಂದುಂಟು: "ಜಾಗಕ್ಕೆ ಏನೂ ಕೊರತೆ ಇಲ್ಲ. ಸುತ್ತ ಕಂಪೌಂಡ್ ಉಂಟು, ಹಿಂದೆ ತೋಟ ಉಂಟು, ಬೇಕಾದಷ್ಟು ಓಡಬಹುದು. ಆದರೂ ಒಂದು ಚಪ್ಪಲಿ ಬಿಡುವುದಿಲ್ಲ, ಬಾಳೆಯ ಬುಡ ಅಗೆಯುತ್ತದೆ, ಗೇಟಿನೆದುರು ಯಾರು ಹೋದರೂ ಗಂಟಲು ಕಟ್ಟುವವರೆಗೆ ಬೊಗಳುತ್ತದೆ." ಇವತ್ತಿನ ಮಾತು ಅಲ್ಲಿಂದಲೇ ಶುರುವಾಗಲಿ. ಜಾಗ ಇರುವುದು ಬೇರೆ, ನಾಯಿಗೆ ವ್ಯಾಯಾಮ ಆಗುವುದು ಬೇರೆ. ಅಂಗಳಕ್ಕೆ ಬಿಟ್ಟ ನಾಯಿ ಮೊದಲ ಕೆಲವು ದಿನ ಮೂಲೆ ಮೂಲೆ ಮೂಸಿ ನೋಡುತ್ತದೆ. ಆಮೇಲೆ ಅಲ್ಲಿ ಹೊಸತೇನೂ ಇಲ್ಲ. ಜಗಲಿಯ ನೆರಳಲ್ಲಿ ಬಿದ್ದುಕೊಳ್ಳುತ್ತದೆ, ಗೇಟಿನಲ್ಲಿ ಸದ್ದಾದಾಗ ಮಾತ್ರ ಎದ್ದು ಓಡುತ್ತದೆ. ದಿನಕ್ಕೆ ಮೂವತ್ತು ಸಲ ಹಾಗೆ ಗೇಟಿಗೆ ಓಡಿದರೆ ಅದರ ಕಾಲು ದಣಿಯುವುದಿಲ್ಲ, ಸಿಟ್ಟು ಮಾತ್ರ ಬೆಳೆಯುತ್ತದೆ.

ಇನ್ನೊಂದು ಹಳೆಯ ರೂಢಿ, ಹಗಲು ಗೂಡಿನಲ್ಲಿ ಹಾಕಿ ರಾತ್ರಿ ಬಿಚ್ಚಿ ಬಿಡುವುದು. ಅದನ್ನು ದಯವಿಟ್ಟು ವ್ಯಾಯಾಮದ ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿ ಬಿಟ್ಟ ನಾಯಿ ಹೆದ್ದಾರಿಯಲ್ಲಿ ವಾಹನದಡಿಗೆ ಬೀಳುತ್ತದೆ, ಕಾಡುಹಂದಿಗೆ ಇಟ್ಟ ಉರುಳಿಗೆ ಸಿಗುತ್ತದೆ, ಕಾಡಂಚಿನ ಹಳ್ಳಿಗಳಲ್ಲಾದರೆ ಚಿರತೆಯ ಬಾಯಿಗೆ ಹೋಗುತ್ತದೆ.

ಹಾಗಾದರೆ ಎಷ್ಟು ಬೇಕು? ಲ್ಯಾಬ್ರಡಾರ್ ಬೇಟೆಗಾರನ ಗುಂಡಿಗೆ ಬಿದ್ದ ಹಕ್ಕಿಯನ್ನು ಹುಡುಕಿ ತರಲು ಬೆಳೆಸಿದ ತಳಿ. ಜರ್ಮನ್ ಶೆಫರ್ಡ್ ಇಡೀ ದಿನ ಕುರಿ ಕಾಯಲು ಬೆಳೆಸಿದ್ದು, ಬೀಗಲ್ ಮೊಲದ ವಾಸನೆ ಹಿಡಿದು ಮೈಲಿಗಟ್ಟಲೆ ಹೋಗಲು. ಮುಧೋಳ ನಾಯಿ ಬೇರೆ ಥರ: ಸ್ವಲ್ಪ ಹೊತ್ತು ಬಿರುಸಾಗಿ ಓಡುತ್ತದೆ, ಉಳಿದ ಹೊತ್ತು ಹಾಯಾಗಿ ಮಲಗುತ್ತದೆ. ನಮ್ಮ ಊರ ನಾಯಿಗೆ ದಿನಕ್ಕೆ ನಾಲ್ಕೈದು ಸಣ್ಣ ಸುತ್ತು ಬೇಕು. ಆರೋಗ್ಯವಂತ, ಬೆಳೆದ, ಚುರುಕು ನಾಯಿಗೆ ಎಲ್ಲ ಸೇರಿ ದಿನಕ್ಕೆ ಒಂದರಿಂದ ಎರಡು ಗಂಟೆಯ ಚಟುವಟಿಕೆ ಎಂಬುದು ಒಳ್ಳೆಯ ಅಂದಾಜು. ಆದರೆ ಆ ಎರಡು ಗಂಟೆಯನ್ನೂ ಕಾಲಿನಿಂದಲೇ ತೀರಿಸಲು ಹೊರಟರೆ ಮಂಗಳೂರು-ಉಡುಪಿಯ ಹವೆಯಲ್ಲಿ ನಾಯಿಗೆ ಅಪಾಯ. ಇಲ್ಲಿ ಅರ್ಧ ಕೆಲಸ ಕಾಲಿಗೆ ಕೊಡಿ, ಅರ್ಧ ಮೂಗಿಗೆ.

ಸೆಖೆಯ ಲೆಕ್ಕ

ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ಪಾದದಡಿ ಮಾತ್ರ ಒಂದಿಷ್ಟು ಬೆವರುತ್ತದೆ. ಮೈಯ ಬಿಸಿ ಹೊರಗೆ ಹೋಗುವುದು ಬಹುಪಾಲು ಏದುಸಿರಿನಿಂದ. ನಾಲಗೆ, ಬಾಯಿ, ಮೂಗಿನ ಒಳಗಿನ ತೇವ ಆವಿಯಾಗುವಾಗ ರಕ್ತ ತಣಿಯುತ್ತದೆ. ಗಾಳಿಯಲ್ಲೇ ನೀರಿನ ಅಂಶ ತುಂಬಿದ್ದರೆ ಈ ಆವಿಯಾಗುವ ಕೆಲಸ ಕುಂಟುತ್ತದೆ. ಒಗೆದ ಬಟ್ಟೆ ಒಣಗದ ದಿನ ನಾಯಿಯ ಮೈಯೂ ತಣಿಯುವುದಿಲ್ಲ ಎಂದು ನೆನಪಿಟ್ಟುಕೊಳ್ಳಿ. ಬಯಲುಸೀಮೆಯಲ್ಲಿ ಒಣಗಾಳಿಯಿದ್ದಾಗ ನಾಯಿ ತಡೆದುಕೊಳ್ಳುವ ಓಟವನ್ನು ಇಲ್ಲಿ ಅದೇ ಉಷ್ಣತೆಯಲ್ಲಿ ತಡೆದುಕೊಳ್ಳುವುದಿಲ್ಲ. ಮೊಬೈಲಿನಲ್ಲಿ ನೋಡುವ ತರಬೇತಿ ವಿಡಿಯೊಗಳು ಹೆಚ್ಚಿನವು ತಂಪು ದೇಶದವು. ಅಲ್ಲಿಯ ಒಂದು ಗಂಟೆಯ ಓಟವನ್ನು ನಮ್ಮ ಏಪ್ರಿಲ್‌ಗೆ ತರಬೇಡಿ.

ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಬೆಳಗಿನ ನಡಿಗೆ 5.30ಕ್ಕೆ ಶುರುವಾಗಿ 6.30ರೊಳಗೆ ಮುಗಿಯಲಿ. ಸಂಜೆಯದ್ದು 6.45ರ ನಂತರ. ಸಂಜೆ ಹೊತ್ತಿಗೆ ಕಡಲ ಗಾಳಿ ಬೀಸುವುದರಿಂದ ನಮಗೆ ಹಿತವೆನಿಸುತ್ತದೆ, ಆದರೆ ಮಂಗಳೂರಿನ ಕಾಂಕ್ರೀಟ್ ರಸ್ತೆ, ಮನೆಯೆದುರಿನ ಇಂಟರ್‌ಲಾಕ್, ಮುರಕಲ್ಲಿನ ಹಾಸು ಇವೆಲ್ಲ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ನಮ್ಮ ಕಾಲಲ್ಲಿ ಚಪ್ಪಲಿ ಇದೆ, ಮುಖ ನೆಲದಿಂದ ಐದಡಿ ಮೇಲಿದೆ. ನಾಯಿಯ ಹೊಟ್ಟೆ ಇರುವುದು ನೆಲದಿಂದ ಒಂದೂವರೆ ಅಡಿಯಲ್ಲಿ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಿ. ಇಡಲಾಗದಿದ್ದರೆ ಅಲ್ಲಿ ನಡೆಸಬೇಡಿ. ಗದ್ದೆಯ ಬದು, ತೋಟದ ಮಣ್ಣುದಾರಿ ಹುಡುಕಿ. ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಬರುವ ಬಿಸಿಲಿಗೂ ಇದೇ ನಿಯಮ. ಡಿಸೆಂಬರ್, ಜನವರಿಯ ಬೆಳಗು ನಮಗೆ ಸಿಗುವ ಅತ್ಯುತ್ತಮ ಕಾಲ. ದೂರ ಹೆಚ್ಚಿಸುವುದಿದ್ದರೆ ಆಗ ಹೆಚ್ಚಿಸಿ. ಅದೂ ವಾರಕ್ಕೆ ಐದು ನಿಮಿಷದಂತೆ, ಒಮ್ಮೆಲೇ ಅಲ್ಲ.

ಅತಿಯಾಗುತ್ತಿರುವುದನ್ನು ಕಣ್ಣಿನಿಂದಲೇ ಕಂಡುಹಿಡಿಯಬಹುದು. ನಾಲಗೆಯ ತುದಿ ಸೌಟಿನಂತೆ ಅಗಲವಾಗುತ್ತದೆ, ಬಣ್ಣ ಕಡುಗೆಂಪಾಗುತ್ತದೆ, ಜೊಲ್ಲು ಅಂಟಂಟಾಗುತ್ತದೆ, ಮುಂದೆ ಹೋಗುತ್ತಿದ್ದ ನಾಯಿ ಹಿಂದೆ ಬೀಳುತ್ತದೆ. ಇಷ್ಟಾದರೆ ಅಲ್ಲಿಗೇ ನಿಲ್ಲಿಸಿ. ಕಾಲು ತಡವರಿಸುವುದು, ವಾಂತಿ, ಕರೆದರೆ ಗುರುತಿಸದಿರುವುದು ಕಂಡರೆ ಶಾಖಾಘಾತ ಎಂದೇ ತಿಳಿಯಿರಿ. ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಕ್ಕೇ ಅಪಾಯ. ನೆರಳಿಗೆ ಎತ್ತಿಕೊಂಡು ಹೋಗಿ. ನಲ್ಲಿಯದ್ದೋ ಬಾವಿಯದ್ದೋ ತಣ್ಣೀರನ್ನು ಹೊಟ್ಟೆ, ತೊಡೆಸಂದು, ಕಂಕುಳು ಸೇರಿ ಇಡೀ ಮೈಗೆ ಸುರಿಯುತ್ತಲೇ ಇರಿ, ಜೊತೆಗೆ ಗಾಳಿ ಹಾಕಿ. ಒದ್ದೆ ಬೈರಾಸು ಹೊದೆಸಿ ಬಿಟ್ಟುಬಿಡುವುದು ತಪ್ಪು, ಅದು ಬೇಗ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಕಾರಿನ ಎಸಿ ಹಾಕಿ, ಕಿಟಕಿ ಸ್ವಲ್ಪ ತೆರೆದಿರಲಿ. ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಮರುದಿನವೋ ಅದರ ಮರುದಿನವೋ ಕಾಣಿಸಿಕೊಳ್ಳಬಹುದು. ಪಗ್‌ನಂಥ ಮೊಂಡು ಮೂಗಿನ ತಳಿಗಳಿಗೆ ಏದುಸಿರಿನ ದಾರಿಯೇ ಇಕ್ಕಟ್ಟು. ಬೇಸಿಗೆಯಲ್ಲಿ ಅವಕ್ಕೆ 15 ನಿಮಿಷದ ನಿಧಾನ ನಡಿಗೆ ಸಾಕು. ಹಸ್ಕಿಯಂತಹ ದಟ್ಟ ತುಪ್ಪಳದವನ್ನು ಸೆಖೆಯೆಂದು ಬೋಳಿಸಬೇಡಿ. ಬಾಚಿ ಉದುರುಗೂದಲು ತೆಗೆಯಿರಿ, ಗಾಳಿ ಚರ್ಮಕ್ಕೆ ತಲುಪುತ್ತದೆ.

ಬೆಳಗಿನ ಮುಕ್ಕಾಲು ಗಂಟೆ

ಎರಡು ವರ್ಷದ, 28 ಕಿಲೋ ತೂಕದ ಒಂದು ಲ್ಯಾಬ್ರಡಾರ್ ಎಂದಿಟ್ಟುಕೊಳ್ಳೋಣ. ಗೇಟು ದಾಟಿದ ಮೊದಲ ಹತ್ತು ನಿಮಿಷ ಅದರದ್ದು. ಮೂತ್ರ, ಮಲ, ಮೂಸುವುದು ಎಲ್ಲ ಆಗಲಿ, ಎಳೆಯಬೇಡಿ. ಆಮೇಲೆ ಇಪ್ಪತ್ತು ನಿಮಿಷ ಬಿರುಸು ನಡಿಗೆ, ನಿಮಗೆ ಮಾತಾಡಲು ಸ್ವಲ್ಪ ಉಸಿರು ಕಟ್ಟುವಷ್ಟು ವೇಗ. ಆ ವೇಗದಲ್ಲಿ ನಾಯಿ ಕುಕ್ಕುಲೋಟಕ್ಕೆ ಬರುತ್ತದೆ, ಹೃದಯಕ್ಕೆ ಕೆಲಸ ಸಿಗುವುದು ಆಗ. ನಂತರ ಹತ್ತು ನಿಮಿಷ ಆಟ ಅಥವಾ ಪಾಠ: ಕೂರು, ಇರು, ಬಾ. ಕೊನೆಯ ಐದು ನಿಮಿಷ ನಿಧಾನ. ಸಂಜೆ ಅರ್ಧ ಗಂಟೆ, ಅದರಲ್ಲಿ ಹೆಚ್ಚು ಪಾಲು ಮೂಸುವ ನಡಿಗೆ. ಮಧ್ಯಾಹ್ನ ಮನೆಯೊಳಗೆ ಹತ್ತು ನಿಮಿಷ ಹುಡುಕುವ ಆಟ. ರಾತ್ರಿ ಮಲಗುವ ಮೊದಲು ಐದು ನಿಮಿಷ ಹೊರಗೆ.

ಹಗ್ಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನ ತೊಂದರೆ ಅಲ್ಲಿಯೇ. ರಸ್ತೆಗೆ ಒಂದೂವರೆಯಿಂದ ಎರಡು ಮೀಟರಿನ ಪಟ್ಟಿ. ಮೂಸುವ ನಡಿಗೆಗೆ ಎಂಟರಿಂದ ಹತ್ತು ಮೀಟರಿನ ನೈಲಾನ್ ಹಗ್ಗ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರ್ ದಪ್ಪದ್ದು. ಮೀಟರಿಗೊಂದು ಗಂಟು ಹಾಕಿ. ನಾಯಿ ಜಗ್ಗಿದಾಗ ಹಗ್ಗ ಅಂಗೈ ಸುಡುತ್ತಾ ಜಾರುವುದು ಗಂಟಿನಲ್ಲಿ ನಿಲ್ಲುತ್ತದೆ. ತೆಂಗಿನ ನಾರಿನ ಹಗ್ಗ ಬೇಡ, ಕೈಯನ್ನೂ ನಾಯಿಯ ಕಾಲಿನ ಸಂದಿಯನ್ನೂ ಕೆರೆಯುತ್ತದೆ. ಉದ್ದ ಹಗ್ಗವನ್ನು ಕುತ್ತಿಗೆ ಪಟ್ಟಿಗೆ ಎಂದೂ ಕಟ್ಟಬೇಡಿ, ಹತ್ತು ಮೀಟರ್ ಓಡಿ ತಟ್ಟನೆ ನಿಂತರೆ ಪೆಟ್ಟೆಲ್ಲ ಗಂಟಲಿಗೆ. ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ, ಅಂದರೆ ಹಾರ್ನೆಸ್‌ನ ಬೆನ್ನಿನ ಬಳೆಗೆ ಕಟ್ಟಿ. ಗಿಡ್ಡ ಪಟ್ಟಿಯಲ್ಲಿ ನಡೆಸುವಾಗ ಬಲವಾಗಿ ಎಳೆಯುವ ನಾಯಿಗೆ ಎದೆಯ ಮುಂದೆ ಬಳೆಯಿರುವ ಹಾರ್ನೆಸ್ ಒಳ್ಳೆಯದು. ಎಳೆದಷ್ಟೂ ಅದು ನಿಮ್ಮ ಕಡೆಗೇ ತಿರುಗುತ್ತದೆ. ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಇನ್ನೊಂದು, ಉಪ್ಪುಗಾಳಿಗೆ ಕಬ್ಬಿಣದ ಕೊಕ್ಕೆಯ ಸ್ಪ್ರಿಂಗ್ ತುಕ್ಕು ಹಿಡಿದು ಅರ್ಧಕ್ಕೆ ನಿಲ್ಲುತ್ತದೆ, ಹೊರಗಿನಿಂದ ಮುಚ್ಚಿದಂತೆಯೇ ಕಾಣುತ್ತದೆ. ಹಿತ್ತಾಳೆ ಅಥವಾ ಸ್ಟೀಲ್ ಕೊಕ್ಕೆ ತೆಗೆದುಕೊಳ್ಳಿ, ಕಡಲತೀರಕ್ಕೆ ಹೋಗಿ ಬಂದ ದಿನ ಸಿಹಿನೀರಲ್ಲಿ ತೊಳೆಯಿರಿ, ತಿಂಗಳಿಗೊಮ್ಮೆ ಎಳೆದು ಪರೀಕ್ಷಿಸಿ.

ಎಳೆಯುವ ಅಭ್ಯಾಸ ಬಿಡಿಸಲು ಬೈಗುಳ ಬೇಕಾಗಿಲ್ಲ. ಹಗ್ಗ ಬಿಗಿಯಾದ ಕ್ಷಣ ನಿಂತುಬಿಡಿ. ಸಡಿಲವಾದಾಗ ಹೆಜ್ಜೆ ಇಡಿ. ಮೊದಲ ವಾರ ನೂರು ಮೀಟರ್ ದಾಟಲು ಕಾಲು ಗಂಟೆ ಹಿಡಿಯಬಹುದು. ಆ ವಾರ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಇದನ್ನು ಶುರು ಮಾಡಬೇಡಿ. ಒಂದು ದಿನ ನಿಂತು, ಇನ್ನೊಂದು ದಿನ ಎಳೆಸಿಕೊಂಡೇ ಹೋದರೆ ನಾಯಿ ಕಲಿಯುವುದು ಒಂದೇ: ಇನ್ನೂ ಜೋರಾಗಿ ಎಳೆದರೆ ದಾರಿ ಸಿಗುತ್ತದೆ ಎಂದು. ಎಳೆಯುವ ದೊಡ್ಡ ನಾಯಿಯನ್ನು ಮನೆಯ ಅಜ್ಜನ ಕೈಗೆ ಕೊಡಬೇಡಿ. ಪಾಚಿ ಕಟ್ಟಿದ ದಾರಿಯಲ್ಲಿ ಒಂದು ಜಗ್ಗು ಸಾಕು, ಸೊಂಟದ ಮೂಳೆ ಮುರಿಯಲು. ಅಜ್ಜನಿಗೆ ಚಾವಡಿಯ ಹುಡುಕುವ ಆಟ ವಹಿಸಿ.

ಬೀದಿನಾಯಿಗಳ ಭಯದಿಂದ ನಡಿಗೆಯನ್ನೇ ಬಿಟ್ಟವರು ಬಹಳ ಮಂದಿ ಇದ್ದಾರೆ. ಮೊದಲು ನಾಯಿಯಿಲ್ಲದೆ ನೀವೊಬ್ಬರೇ ಅದೇ ಹೊತ್ತಿಗೆ ಹೋಗಿ ಯಾವ ಗುಂಪು ಎಲ್ಲಿ ಮಲಗುತ್ತದೆ ಎಂದು ನೋಡಿ ಬನ್ನಿ. ಹೋಟೆಲಿನ ಹಿಂಬದಿ, ಮೀನು ಮಾರುವ ಕಟ್ಟೆ, ಕೋಳಿ ಅಂಗಡಿ ಇವು ಅವುಗಳ ಗಡಿ; ಅಲ್ಲಿಂದ ಮೊದಲೇ ತಿರುಗುವ ದಾರಿ ಇಟ್ಟುಕೊಳ್ಳಿ. ದೂರದಲ್ಲಿ ಕಂಡ ಕೂಡಲೇ ದಾರಿ ಬಳಸಿ ತಿರುಗಿ ನಡೆಯಿರಿ, ಓಡಬೇಡಿ, ಕಲ್ಲೆತ್ತಬೇಡಿ. ಹತ್ತಿರ ಬಂದೇಬಿಟ್ಟರೆ ನಿಮ್ಮ ನಾಯಿಯನ್ನು ಹಿಂದೆ ಮಾಡಿ, ಕೊಡೆಯನ್ನು ಅವುಗಳ ಕಡೆ ತಟ್ಟನೆ ಬಿಡಿಸಿ ಹಿಡಿಯಿರಿ. ಕೊಡೆ ನಮ್ಮ ಊರಲ್ಲಿ ವರ್ಷದ ಅರ್ಧ ಕಾಲ ಕೈಯಲ್ಲೇ ಇರುತ್ತದೆ, ಅದಕ್ಕಿಂತ ಒಳ್ಳೆಯ ಗುರಾಣಿ ಇಲ್ಲ. ಹೊರಗೆ ನಡೆಸುವ ನಾಯಿಗೆ ರೇಬೀಸ್ ಲಸಿಕೆ ವರ್ಷವೂ ತಪ್ಪಬಾರದು.

ಚೆಂಡಾಟದ ಮಿತಿ ಹೇಳುತ್ತೇನೆ. ನಲವತ್ತು ಸಲ ಚೆಂಡು ಎಸೆದು ನಾಯಿಯನ್ನು ದಣಿಸಿದೆವು ಎಂದುಕೊಳ್ಳುವವರಿದ್ದಾರೆ. ಪ್ರತಿ ಎಸೆತಕ್ಕೂ ಜೋರು ಓಟ, ತಟ್ಟನೆ ತಿರುವು, ಗಕ್ಕನೆ ನಿಲುಗಡೆ. ಮೊಣಕಾಲಿನ ಒಳಗಿನ ಕಟ್ಟು ಹರಿಯುವುದು ಇಂಥದ್ದರಲ್ಲೇ. ಮೈ ದಣಿದರೂ ತಲೆ ಉದ್ರೇಕದಲ್ಲೇ ಇರುತ್ತದೆ, ಮನೆಗೆ ಬಂದ ಮೇಲೂ ಚೆಂಡಿಗಾಗಿ ಪೀಡಿಸುತ್ತದೆ. ಎಂಟೋ ಹತ್ತೋ ಎಸೆತ, ನಡುವೆ ಅರ್ಧ ನಿಮಿಷ ಬಿಡುವು. ಎತ್ತರಕ್ಕೆ ಹಾರಿಸಬೇಡಿ, ನೆಲದಲ್ಲಿ ಉರುಳಿಸಿ. ಚೆಂಡು ನಿಲ್ಲುವವರೆಗೆ ಕೂರಿಸಿ ಆಮೇಲೆ ಬಿಡಿ. ಓಟಕ್ಕಿಂತ ಆ ಕಾಯುವಿಕೆ ಹೆಚ್ಚು ದಣಿಸುತ್ತದೆ. ಟೆನ್ನಿಸ್ ಚೆಂಡಿನ ಉಣ್ಣೆಯಲ್ಲಿ ಮರಳು ಸೇರಿದರೆ ಉಪ್ಪುಕಾಗದದಂತೆ ಹಲ್ಲು ಸವೆಸುತ್ತದೆ. ದೊಡ್ಡ ನಾಯಿಗೆ ಸಣ್ಣ ಚೆಂಡು ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೋಲು ಎಸೆಯುವುದೇ ಬೇಡ, ತುದಿ ಬಾಯಿಯ ಅಂಗುಳಕ್ಕೆ ಚುಚ್ಚುತ್ತದೆ.

ತೋಟದಲ್ಲಿ ಆಡಿಸುವವರು ನೆಲ ನೋಡಿಕೊಳ್ಳಿ. ತೆಂಗಿನಕಾಯಿಯ ಸಿಪ್ಪೆ ಸಿಗಿಯುವುದು ನಾಯಿಗೆ ಬಹಳ ಇಷ್ಟ, ಆದರೆ ನುಂಗಿದ ನಾರು ಕರುಳಲ್ಲಿ ಉಂಡೆ ಕಟ್ಟುತ್ತದೆ. ಮಾವಿನ ಗೊರಟೂ ಹಾಗೆಯೇ, ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಾಯಿ ಸುಡುತ್ತದೆ.

ಕಡಲತೀರ ಮತ್ತು ಮಳೆಗಾಲ

ಮರಳಲ್ಲಿ ಓಡಿಸುವುದಾದರೆ ಅಲೆ ಹಿಂದೆ ಸರಿದ ಗಟ್ಟಿ ಒದ್ದೆ ಮರಳಿನಲ್ಲಿ ಓಡಿಸಿ. ಸಡಿಲ ಒಣ ಮರಳಿನಲ್ಲಿ ಹತ್ತು ನಿಮಿಷದ ಓಟ ಗಟ್ಟಿ ನೆಲದ ಹತ್ತು ನಿಮಿಷಕ್ಕಿಂತ ಎಷ್ಟೋ ಭಾರ, ಅಭ್ಯಾಸವಿಲ್ಲದ ನಾಯಿ ಮರುದಿನ ಕುಂಟುತ್ತದೆ. ಮಲ್ಪೆ, ಪಣಂಬೂರು, ಕಾಪು ಕಡೆ ಬೆಳಗ್ಗೆ 7ರೊಳಗೆ ಹೋಗಿ ಬಂದುಬಿಡಿ. ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಆ ಮನ್ನಣೆಯ ನಿಯಮದಲ್ಲೇ ನಾಯಿಗಳ ಮೇಲೆ ಕಟ್ಟುನಿಟ್ಟಿನ ನಿಯಂತ್ರಣ ಇರುವುದರಿಂದ ಆ ಆವರಣಕ್ಕೆ ಒಯ್ಯಬೇಡಿ. ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳಿನಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಟ್ಟದ್ದುಂಟು, ಆ ತಿಂಗಳುಗಳಲ್ಲಿ ಹಗ್ಗ ಬಿಚ್ಚಬೇಡಿ. ಮಲ ಎತ್ತಲು ಚೀಲ ಜೇಬಿನಲ್ಲಿರಲಿ.

ಅರ್ಧ ಲೀಟರ್ ಸಿಹಿನೀರು ಒಯ್ಯಲೇಬೇಕು. ಬಾಯಾರಿದ ನಾಯಿ ಸಮುದ್ರದ ನೀರು ಕುಡಿಯುತ್ತದೆ. ಸ್ವಲ್ಪವಾದರೆ ಭೇದಿ, ಹೆಚ್ಚಾದರೆ ಉಪ್ಪಿನ ವಿಷವೇ ಏರುತ್ತದೆ. ಬಲೆಯಿಂದ ಕೊಡವಿ ಎಸೆದ ಮೀನುಗಳಲ್ಲಿ ಮುಳ್ಳಿನವು, ಉಬ್ಬುವ ವಿಷಮೀನುಗಳು ಇರುತ್ತವೆ. "ಬಿಡು" ಎಂಬ ಮಾತು ಕಲಿಯದ ನಾಯಿಯನ್ನು ಬಂದರಿನ ಹತ್ತಿರ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಸುದ್ದಿಯೇ ಬೇಡ. ಚೆಂಡಿನ ಹಿಂದೆ ನಾಯಿ ಇಳಿಯುತ್ತದೆ, ನಾಯಿಯ ಹಿಂದೆ ಮನುಷ್ಯ ಇಳಿಯುತ್ತಾನೆ.

ಮಳೆಗಾಲದಲ್ಲಿ ನಡಿಗೆ ತುಂಡಾಗುತ್ತದೆ, ಆಗಲಿ. ಹೊಳವಾದ ಹತ್ತು ನಿಮಿಷ ಸಿಕ್ಕಿದಾಗೆಲ್ಲ ಹೋಗಿ ಬನ್ನಿ. ವಿದ್ಯುತ್ ಕಂಬ, ಅದರ ಬಿಗಿತಂತಿ ಇವುಗಳ ಬುಡಕ್ಕೆ ಕಾಲೆತ್ತಲು ಬಿಡಬೇಡಿ, ಒದ್ದೆ ಕಂಬದಲ್ಲಿ ಕರೆಂಟ್ ಹರಿದು ಪ್ರಾಣ ಹೋಗುವುದುಂಟು. ಕೆಸರುಗದ್ದೆ, ನಿಂತ ನೀರು ಇಲಿಜ್ವರದ ದಾರಿ. ಅದಕ್ಕೂ ವರ್ಷಕ್ಕೊಮ್ಮೆ ಲಸಿಕೆ ಇದೆ. ಮಾಡಿನ ಕೆಳಗೆ ಬಂದ ಕೂಡಲೇ ಬೆರಳ ಸಂದಿ ಒರೆಸಿ ಒಣಗಿಸಿ. ಅಲ್ಲಿ ತೇವ ನಿಂತರೆ ಎರಡು ದಿನದಲ್ಲಿ ಕೆಂಪಾಗಿ ನೆಕ್ಕಲು ಶುರು ಮಾಡುತ್ತದೆ.

ಇನ್ನು ಮೂಗಿನ ಕೆಲಸ. ಆರು ತೆಂಗಿನ ಗೆರಟೆ ತೆಗೆದುಕೊಳ್ಳಿ. ಹೊರಗಿನ ನಾರು ಕೆರೆದು, ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿ. ಮೊದಲ ದಿನ ಒಂದೇ ಗೆರಟೆ, ನಾಯಿಯ ಕಣ್ಣೆದುರೇ ಅದರಡಿ ಬೇಯಿಸಿದ ಕೋಳಿಯ ಒಂದು ಚೂರು ಇಟ್ಟು "ಹುಡುಕು" ಅನ್ನಿ. ಮೂಗಿನಿಂದ ತಳ್ಳಿದರೆ ಸಾಕು, ಎತ್ತಿ ಕೊಡಿ. ಮೂರನೆಯ ದಿನ ಮೂರು ಗೆರಟೆ, ವಾರದಲ್ಲಿ ಆರು. ಆಗ ನಾಯಿ ಬೇರೆ ಕೋಣೆಯಲ್ಲಿರುವಾಗ ಇಡಿ. ಆಮೇಲೆ ಗೆರಟೆಗಳನ್ನು ಚಾವಡಿಯ ಕಂಬದ ಹಿಂದೆ, ಮೆಟ್ಟಿಲ ಮೇಲೆ, ಬಾಗಿಲ ಸಂದಿಯಲ್ಲಿ ಹರಡಿ. ನಾಯಿ ಸೋಲುತ್ತಿದ್ದರೆ ಒಂದು ಹಂತ ಕೆಳಗಿಳಿಯಿರಿ. ಮೂರು ಸಲ ಸತತವಾಗಿ ಸಿಗದಿದ್ದರೆ ಅದು ಆಟ ಬಿಟ್ಟು ಗೆರಟೆ ಕಡಿಯಲು ಕೂರುತ್ತದೆ. ಹತ್ತು ನಿಮಿಷವಾದ ಮೇಲೆ ಎಲ್ಲ ಎತ್ತಿಡಿ. ಉಪ್ಪು ಹಾಕಿದ ಒಣಮೀನು ಬಹುಮಾನಕ್ಕೆ ಬೇಡ. ಹಳೆಯ ಲುಂಗಿಯ ಮಡಿಕೆ ಮಡಿಕೆಯಲ್ಲಿ ಆಹಾರದ ಕಾಳು ಹಾಕಿ ಸುರುಳಿ ಸುತ್ತಿ ಕೊಡುವುದೂ ಚೆನ್ನಾಗಿ ನಡೆಯುತ್ತದೆ. ಈ ಕಾಳೆಲ್ಲ ದಿನದ ಊಟದಿಂದಲೇ ತೆಗೆದದ್ದಾಗಿರಲಿ, ಮೇಲಿನಿಂದ ಅಲ್ಲ. ಟೈಲ್ಸ್ ನೆಲದಲ್ಲಿ ನಾಯಿಯ ಹಿಂಗಾಲು ಜಾರುತ್ತದೆ, ಆಟದ ಜಾಗಕ್ಕೆ ಗೋಣಿ ಅಥವಾ ನಾರಿನ ಚಾಪೆ ಹಾಸಿ.

ಸಭೆಯಲ್ಲಿ ಮರಿಗಳ ಬಗ್ಗೆ ಕೇಳಿದ್ದಾರೆ. ಪ್ರತಿ ತಿಂಗಳ ವಯಸ್ಸಿಗೆ ಐದು ನಿಮಿಷದಂತೆ ಒಂದು ನಡಿಗೆ, ಅಂದರೆ ನಾಲ್ಕು ತಿಂಗಳ ಮರಿಗೆ 20 ನಿಮಿಷ, ದಿನಕ್ಕೆರಡು ಸಲ. ಇದು ಕೈಲೆಕ್ಕವಷ್ಟೇ, ಮರಿ ಕೂತರೆ ಅಲ್ಲಿಗೆ ಮುಗಿಯಿತು. ದೊಡ್ಡ ತಳಿಗಳಲ್ಲಿ ಮೂಳೆಯ ಬೆಳವಣಿಗೆ ನಿಲ್ಲಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಬೈಕಿನ ಜೊತೆ ಓಡಿಸುವುದು, ಮೆಟ್ಟಿಲು ಹತ್ತಿಸಿ ಇಳಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಬೆಳೆದ ನಾಯಿಗೂ ಬೈಕಿನ ಜೊತೆ ಓಟ ಈ ಹವೆಗೆ ಹೇಳಿದ್ದಲ್ಲ.

ಊಟದ ಹೊತ್ತಿನ ಪ್ರಶ್ನೆಯೂ ಬಂದಿದೆ. ಗಂಜಿಯೋ ಕುಚ್ಚಲಕ್ಕಿ ಅನ್ನವೋ ಹೊಟ್ಟೆ ತುಂಬ ತಿಂದ ನಾಯಿಯನ್ನು ಕನಿಷ್ಠ ಎರಡು ಗಂಟೆ ಓಡಿಸಬೇಡಿ. ಓಡಿ ಬಂದ ನಾಯಿಗೆ ಏದುಸಿರು ನಿಂತು ಅರ್ಧ ಗಂಟೆಯಾದ ಮೇಲೆ ಊಟ. ಜರ್ಮನ್ ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್‌ನಂಥ ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಉಬ್ಬಿ, ವಾಂತಿಗೆ ಒತ್ತಿದರೂ ಏನೂ ಬರದಿದ್ದರೆ ಮನೆಮದ್ದಿಗೆ ಕಾಯದೆ ಆ ಗಂಟೆಯಲ್ಲೇ ಆಸ್ಪತ್ರೆ ಸೇರಬೇಕು.

ಕೊನೆಗೆ, ಪ್ರತಿ ನಡಿಗೆಯೂ ಮುಗಿಯುವುದು ಗೇಟಿನಲ್ಲಿ ಅಲ್ಲ, ಜಗಲಿಯಲ್ಲಿ. ಕಿವಿಯೊಳಗೆ, ಪಟ್ಟಿಯಡಿ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ಉಣ್ಣಿ ಹುಡುಕಿ. ಸಿಕ್ಕಿದ್ದನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ, ಸುಡಬೇಡಿ, ಬರಿಗೈಯಲ್ಲಿ ಹಿಸುಕಬೇಡಿ. ಹಗ್ಗ ಕಂಡರೆ ಕುಣಿಯುತ್ತಿದ್ದ ನಾಯಿ ಒಂದು ಬೆಳಗ್ಗೆ ತಲೆ ಎತ್ತದೆ ಮಲಗಿದರೆ ಸೋಮಾರಿತನ ಎನ್ನಬೇಡಿ. ತುಟಿ ಎತ್ತಿ ಒಸಡು ನೋಡಿ. ಬಿಳಚಿಕೊಂಡಿದ್ದರೆ, ಮೈ ಸುಡುತ್ತಿದ್ದರೆ, ಮೂಗಲ್ಲಿ ರಕ್ತ ಕಂಡರೆ ಉಣ್ಣಿಜ್ವರದ ಸಂಶಯ. ಆ ದಿನ ನಡಿಗೆ ಬೇಡ, ಗೆರಟೆಯ ಆಟವೂ ಬೇಡ, ಮೊದಲು ರಕ್ತಪರೀಕ್ಷೆ.